ನಾಲ್ಕುನಾಡು ಅರಮನೆ ನಿಜವಾಗಿಯೂ ಬೇಸಿಗೆ ಅರಮನೆಯಾ?

ಪ್ರಶ್ನೆ (ಸೋಮವಾರಪೇಟೆಯಿಂದ):
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಅಪ್ಪನನ್ನು ಕಕ್ಕಬ್ಬೆಗೆ ಕರೆದುಕೊಂಡು ಹೋಗ್ತಿದ್ದೇನೆ. ನಾಲ್ಕುನಾಡು ಅರಮನೆ ಕೊಡಗಿನ ರಾಜರ ಬೇಸಿಗೆ ಅರಮನೆ ಅಂತ ಓದಿದೆ. ಮಡಿಕೇರಿಯೇ ಅಷ್ಟು ತಂಪು. ಬೇಸಿಗೆಗೆ ಅಂತ ಇನ್ನೊಂದು ಮನೆ ಯಾಕೆ ಬೇಕಿತ್ತು?

ಉತ್ತರ (ಕಕ್ಕಬ್ಬೆಯಿಂದ):
ನಮ್ಮ ತೋಟ ಇಲ್ಲೇ ಪಕ್ಕದಲ್ಲಿ. ಚಿಕ್ಕಂದಿನಿಂದ ಅರಮನೆ ನೋಡಿಕೊಂಡೇ ಬೆಳೆದವನು. ಅದು ತಂಗಾಳಿಗೆ ಕಟ್ಟಿದ್ದಲ್ಲ, ಆಪತ್ತಿಗೆ ಕಟ್ಟಿದ್ದು ಅಂತಲೇ ನನ್ನ ನಂಬಿಕೆ.

ಇದನ್ನು ಕಟ್ಟಿಸಿದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದವನು. 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಗೆದ್ದ. 1792ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಶ್ರೀರಂಗಪಟ್ಟಣದ ಒಪ್ಪಂದ ಆಯಿತು, ಅವರ ಯುದ್ಧ ನಿಂತಿತು. ಅದೇ ವರ್ಷ ಇಲ್ಲಿ ಕೆಲಸ ಶುರು, 1794ಕ್ಕೆ ಮುಗಿಯಿತು. ಯುದ್ಧ ನಿಂತ ಮೇಲೂ ತಡಿಯಂಡಮೋಳ್ ಬೆಟ್ಟದ ಬುಡದ ಕಾಡಿನಲ್ಲಿ ಮನೆ ಕಟ್ಟಿಸಿದ ಅಂದರೆ, ಅವನ ಮನಸ್ಸಿನಲ್ಲಿ ಏನಿತ್ತು ಅಂತ ಯೋಚನೆ ಮಾಡಿ. ಒಮ್ಮೆ ಸೆರೆ ಕಂಡವನಲ್ವಾ.

ಎರಡು ಅಂತಸ್ತಿನ ಮನೆ. ಮುಂದೆ ಕೆತ್ತನೆಯ ಮರದ ಕಂಬಗಳು. ಎಲ್ಲರೂ ಅಲ್ಲೇ ಫೋಟೋ ತೆಗೆದು ಹೊರಟುಬಿಡ್ತಾರೆ. ನೀವು ಒಳಗಿನ ಕತ್ತಲೆ ಕೋಣೆಗೂ ಹೋಗಿ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ನಮ್ಮ ಕೈಯೇ ನಮಗೆ ಕಾಣಲ್ಲ. ಗೋಡೆ ತಡವುತ್ತಾ ನಿಲ್ಲಬೇಕು. ಆಮೇಲೆ ಬಾಗಿಲ ಕಡೆ ತಿರುಗಿ. ಬರುವವರು ಬೆಳಕಿನಲ್ಲಿ, ನಾವು ಕತ್ತಲಲ್ಲಿ. ಈ ಮನೆ ಯಾಕೆ ಕಟ್ಟಿಸಿದ ಅಂತ ನನಗೆ ಅರ್ಥವಾಗಿದ್ದು ಅಲ್ಲಿ ನಿಂತಾಗ.

ಉತ್ತರ (ವಿರಾಜಪೇಟೆಯಿಂದ):
ಒಪ್ಪುತ್ತೇನೆ. ಆದರೆ ಬರೀ ಅಡಗುತಾಣ ಅನ್ನಬೇಡಿ. 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹಾದೇವಮ್ಮಾಜಿಯನ್ನು ಮದುವೆಯಾಗಿದ್ದು ಇಲ್ಲೇ. ಮುಂದಿರುವ ಪುಟ್ಟ ಮಂಟಪ ಆ ಮದುವೆಯದ್ದು.

ಉತ್ತರ (ಕಕ್ಕಬ್ಬೆಯಿಂದ):
ಹೌದು, ಮದುವೆಯ ವಿಷಯ ನಾನು ಹೇಳಬೇಕಿತ್ತು. ಕೊನೆಗೆ ಅಡಗಲು ಬಂದವನು ಕಟ್ಟಿಸಿದವನಲ್ಲ, ಅವನ ತಮ್ಮನ ಮಗ ಚಿಕ್ಕ ವೀರರಾಜೇಂದ್ರ. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಇಲ್ಲಿ ಸೇರಿಕೊಂಡ, ಆಮೇಲೆ ಶರಣಾದ. ರಾಜ್ಯ ಹೋಯಿತು. ಕಾಶಿಗೆ ಕಳಿಸಿದರು, ಅಲ್ಲಿಂದ ಲಂಡನ್ನಿಗೆ ಹೋದವನು 1859ರಲ್ಲಿ ಅಲ್ಲೇ ತೀರಿಕೊಂಡ. ಆ ಜಗಲಿ ದಾಟುವಾಗಲೆಲ್ಲ ನನಗೆ ಅವನ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಮಾತು. ಗೋಡೆಯ ಮೇಲೆ ಹೆಸರು ಗೀಚುವವರು ಕಂಡರೆ ಸುಮ್ನೆ ಇರಬೇಡಿ, ದಯವಿಟ್ಟು ತಡೆಯಿರಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಟಾರ್ಚ್ ತರಬೇಡ, ಮೊದಲು ಕತ್ತಲೆ ನೋಡೋಣ ಅಂದರು.