ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿರೋ ಡೇಟಾಬೇಸ್ ಮನೇಲಿ ಓಡುತ್ತೆ, ಅಂಗಡೀಲಿ ಏಳ್ತಾನೇ ಇಲ್ಲ

ಮಂಡಕ್ಕಿಭಟ್ಟಿ, ದಾವಣಗೆರೆ | ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪಂದು ಇಲ್ಲಿ ಮಂಡಕ್ಕಿ ಭಟ್ಟಿ ಇದೆ. ಚೀಲದ ಲೆಕ್ಕ, ಉದ್ರಿ, ವಸೂಲಿ ಎಲ್ಲಾ ನಾನೇ ಪಿಎಚ್‌ಪಿಯಲ್ಲಿ ಬರೆದ ಸಣ್ಣ ಪ್ರೋಗ್ರಾಂನಲ್ಲಿ ನಡೆಯುತ್ತೆ. ಅಂಗಡಿ ಪಿಸಿಯಲ್ಲಿ ವಿಂಡೋಸ್ 10, ಜ್ಯಾಂಪ್ (ಪಿಎಚ್‌ಪಿ, ಡೇಟಾಬೇಸ್ ಎಲ್ಲಾ ಒಟ್ಟಿಗೆ ಬರೋ ಪ್ಯಾಕೇಜ್) ಇದೆ. ಹಗಲು ದೊಡ್ಡಪ್ಪ ಬಿಲ್ ಹಾಕ್ತಾರೆ, ರಾತ್ರಿ ನಾನು ಮನೇಲಿ ಬಾಕಿ ತಾಳೆ ನೋಡ್ತೀನಿ. ಎರಡು ಕಡೆ ಎರಡು ಲೆಕ್ಕ ಆಗೋದು ಬೇಡ ಅಂತ ಡೇಟಾ ಫೋಲ್ಡರನ್ನೇ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ, ಸೆಟ್ಟಿಂಗ್ಸ್ ಫೈಲಲ್ಲಿ ದಾರಿ ಬದಲಾಯಿಸಿದ್ದೆ. ಸಂಜೆ ಡೇಟಾಬೇಸ್, ಅಂದ್ರೆ ಮೈಎಸ್‌ಕ್ಯೂಎಲ್, ನಿಲ್ಲಿಸಿ, ಡಿಸ್ಕ್ ಬಿಚ್ಚಿ, ಸ್ಕೂಟರ್ ಡಿಕ್ಕೀಲಿ ಹಾಕ್ಕೊಂಡು ಬರೋದು. ಬೆಳಗ್ಗೆ ವಾಪಸ್. ಏಳು ತಿಂಗಳು ಒಂದು ತೊಂದರೆ ಇಲ್ಲ.

ಇವತ್ತು ಬೆಳಗ್ಗೆ ಸ್ಟಾರ್ಟ್ ಒತ್ತಿದ್ರೆ ಎರಡು ಸೆಕೆಂಡ್ ಹಳದಿಯಾಗಿ ಹಾಗೇ ಬಿದ್ದುಹೋಯ್ತು. ಕೆಳಗೆ ಕೆಂಪಕ್ಷರದಲ್ಲಿ 'ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ'. ಡೇಟಾಬೇಸ್ ಬಳಸೋ ನೆಟ್‌ವರ್ಕ್ ಪೋರ್ಟ್ 3306 ಖಾಲಿನೇ ಇದೆ, ನೋಡಿದೀನಿ. ಕೇಬಲ್ ಬದಲಾಯಿಸಿದೆ, ಪಿಸಿ ಮೂರು ಸಲ ರೀಸ್ಟಾರ್ಟ್ ಮಾಡಿದೆ. ತಮಾಷೆ ಏನಂದ್ರೆ ಅದೇ ಡಿಸ್ಕ್ ಈಗ ಮನೇಲಿ ಹಾಕಿದ್ರೆ ಜಮ್ ಅಂತ ಓಡ್ತಿದೆ. ದೊಡ್ಡಪ್ಪ ಇವತ್ತು ಇಡೀ ದಿನ ಕೈಯಲ್ಲೇ ಬಿಲ್ ಬರೆದ್ರು. ಬರೀತಾ ಬರೀತಾ, 'ನಮ್ಮ ಕಿರ್ದಿ ಪುಸ್ತಕಕ್ಕೆ ಕೇಬಲ್ ಬೇಕಾಗಿರ್ಲಿಲ್ಲ ನೋಡಪ್ಪ' ಅಂದ್ರು. ಯಾರಾದ್ರೂ ದಾರಿ ತೋರಿಸಿ.

ಕುಂದವಾಡಕೆರೆ, ದಾವಣಗೆರೆ | ಸೋಮವಾರ ರಾತ್ರಿ 10:05

ಎರಡೂವರೆ ಇಂಚಿನ ಡಿಸ್ಕ್ ತಾನೆ? ಅದಕ್ಕೆ ಬೇರೆ ಅಡಾಪ್ಟರ್ ಇರಲ್ಲ, ಕರೆಂಟೂ ಯುಎಸ್‌ಬಿಯಿಂದಲೇ ಬರಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಆದ್ರೆ 900. ಪಿಸಿ ಮುಂದುಗಡೆ ಪೋರ್ಟಿಗೆ ಹಾಕಿದ್ರೆ ಒಳಗಿನ ಸಣ್ಣ ವೈರಲ್ಲಿ ಇನ್ನೂ ಸೋರಿಹೋಗುತ್ತೆ. ಹಿಂದುಗಡೆ, ಮದರ್‌ಬೋರ್ಡ್ ಮೇಲೇ ಇರೋ ನೀಲಿ ಪೋರ್ಟಿಗೆ ಹಾಕಿ. ಟಕ್ ಟಕ್ ಸದ್ದು ಬರುತ್ತಾ ಕಿವಿ ಕೊಟ್ಟು ಕೇಳಿ. ಆಮೇಲೆ ಈವೆಂಟ್ ವ್ಯೂವರ್ ತೆಗೆದು, ಸಿಸ್ಟಂ ಲಾಗ್‌ನಲ್ಲಿ 'ಡಿಸ್ಕ್' ಮೂಲದಿಂದ 51, 153, 157 ನಂಬರಿನ ಸಾಲು ಇದೆಯಾ ನೋಡಿ. 153 ಅಂದ್ರೆ ಓದೋಕೋ ಬರೆಯೋಕೋ ಆಗದೆ ಮತ್ತೆ ಪ್ರಯತ್ನ ಮಾಡಿದೆ ಅಂತ. 157 ಅಂದ್ರೆ ನಡುವೆ ಡಿಸ್ಕೇ ಮಾಯವಾಗಿತ್ತು ಅಂತ. ಇವು ಇದ್ರೆ ಕೇಬಲ್, ಪೋರ್ಟು, ಡಿಸ್ಕು, ಈ ಮೂರರಲ್ಲೇ ಕಳ್ಳ ಇದಾನೆ.

ಅಡಕೆಸುಲಿ, ಚನ್ನಗಿರಿ | ಸೋಮವಾರ ರಾತ್ರಿ 10:20

ಇಷ್ಟೆಲ್ಲಾ ಬೇಡ ಗುರುಗಳೇ. ಡೇಟಾ ಫೋಲ್ಡರಿನಲ್ಲಿ ಐಬಿಡೇಟಾ1, ಐಬಿ_ಲಾಗ್‌ಫೈಲ್0, ಐಬಿ_ಲಾಗ್‌ಫೈಲ್1 ಅಂತ ಮೂರು ಫೈಲ್ ಇರ್ತವೆ. ಡಿಲೀಟ್ ಮಾಡಿ ಸ್ಟಾರ್ಟ್ ಕೊಡಿ, ತಾನೇ ಹೊಸದು ಮಾಡ್ಕೊಳ್ಳುತ್ತೆ. ನಂಗೆ ಎರಡು ಸಲ ಸರಿಹೋಗಿದೆ.

ಕಲ್ಲಿನಕೋಟೆ, ಚಿತ್ರದುರ್ಗ | ಸೋಮವಾರ ರಾತ್ರಿ 10:32

ಮಂಡಕ್ಕಿಭಟ್ಟಿಯವರೇ, ಮೇಲಿನ ಸಲಹೆ ದಯವಿಟ್ಟು ಮಾಡ್ಬೇಡಿ. ಮಾಡೋಕೆ ಕೂತಿದ್ರೆ ಕೈ ತೆಗೀರಿ.

ಐಬಿಡೇಟಾ1 ಅನ್ನೋದು ಊರಿನ ಪಹಣಿ ಪುಸ್ತಕ ಇದ್ದಂಗೆ. ನಿಮ್ಮ ಬಿಲ್ಲಿನ ಸಾಲುಗಳು ಬೇರೆ ಬೇರೆ ಐಬಿಡಿ ಫೈಲುಗಳಲ್ಲೇ ಇರ್ತವೆ, ನಿಜ. ಆದ್ರೆ ಯಾವ ಟೇಬಲ್ ಯಾವುದು ಅನ್ನೋ ದಾಖಲೆ ಐಬಿಡೇಟಾ1 ಒಳಗಿದೆ. ಪುಸ್ತಕ ಸುಟ್ಟರೆ ಹೊಲ ಎಲ್ಲೂ ಹೋಗಲ್ಲ, ಆದ್ರೆ ನಿಮ್ಮದು ಅಂತ ಹೇಳೋಕೆ ದಾಖಲೆ ಇರಲ್ಲ. ಆಗ ಬರೋದೇ 1932ನೇ ನಂಬರಿನ ಎರರ್, 'ಟೇಬಲ್ ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್'. ಟೇಬಲ್ ಹೆಸರು ಪಟ್ಟಿಯಲ್ಲಿ ಕಾಣುತ್ತೆ, ತೆಗೆದ್ರೆ ಇಲ್ಲ ಅನ್ನುತ್ತೆ. ಅಲ್ಲಿಂದ ವಾಪಸ್ ಬರೋದು ಬಲು ಕಷ್ಟ ಕಣ್ರೀ.

ಮನೇಲಿ ಓಡ್ತಿದೆ ಅಂದ್ರೆ ಡೇಟಾ ಕೆಟ್ಟಿಲ್ಲ. ಅದು ದೊಡ್ಡ ಸಮಾಧಾನ. ಈಗ ಮೂರು ವಿಷಯ ಹೇಳಿ: ಡಿಸ್ಕ್‌ನಲ್ಲಿರೋ ಡೇಟಾ ಫೋಲ್ಡರ್ ಒಳಗೆ ಮೈಎಸ್‌ಕ್ಯೂಎಲ್_ಎರರ್ ಡಾಟ್ ಲಾಗ್ ಇರುತ್ತೆ, ಅದರ ಕೊನೆಯ ಹತ್ತು ಸಾಲಲ್ಲಿ ಏನಿದೆ? ಐಬಿ_ಲಾಗ್‌ಫೈಲ್1 ಅನ್ನೋ ಫೈಲ್ ಇದೆಯಾ, ಇಲ್ವಾ? ಎರಡೂ ಕಡೆ ಮಾರಿಯಾಡಿಬಿ (ಜ್ಯಾಂಪ್ ಮೈಎಸ್‌ಕ್ಯೂಎಲ್ ಅಂತ ತೋರಿಸೋದು ಇದನ್ನೇ) ವರ್ಶನ್ ಎಷ್ಟು?

ಮಂಡಕ್ಕಿಭಟ್ಟಿ, ದಾವಣಗೆರೆ | ಮಂಗಳವಾರ ಬೆಳಗ್ಗೆ 8:50

ಅಂಗಡಿಯಿಂದ ಬರೀತಿದೀನಿ. ಕುಂದವಾಡಕೆರೆಯವರು ಹೇಳಿದಂಗೆ ಹಿಂದುಗಡೆ ಪೋರ್ಟ್ ನೋಡೋಕೆ ಪಿಸಿ ತಿರುಗಿಸಿದೆ. ನೀಲಿ ಪೋರ್ಟ್ ನೀಲಿನೇ ಕಾಣ್ತಿಲ್ರೀ, ಭಟ್ಟಿ ಬೂದಿ ಮೆತ್ತಿಕೊಂಡು ಒಳಗಿನ ನಾಲಿಗೆಯೆಲ್ಲಾ ಬೂದುಬಣ್ಣ. ಹಲ್ಲುಜ್ಜೋ ಹಳೇ ಬ್ರಶ್‌ನಲ್ಲಿ ಕೆರೆದು ಊದಿ, ಅದಕ್ಕೇ ಹಾಕಿದೆ. ಏನೂ ಬದಲಾಗ್ಲಿಲ್ಲ. ಈವೆಂಟ್ ವ್ಯೂವರ್‌ನಲ್ಲಿ 51, 153, 157 ಯಾವುದೂ ಇಲ್ಲ. ಡಿಸ್ಕ್ ಆರೋಗ್ಯ ನೋಡೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ 'ಗುಡ್' ಅಂತಿದೆ, ಓದೋಕೆ ತೊಂದರೆ ಕೊಡೋ ಜಾಗ ಎಣಿಸೋ ಸಿ5 ಸಾಲಲ್ಲಿ ಸೊನ್ನೆ. ಡ್ರೈವ್ ಅಕ್ಷರ ಎರಡೂ ಕಡೆ 'ಇ' ಅಂತಲೇ ಫಿಕ್ಸ್ ಮಾಡಿಟ್ಟಿದೀನಿ.

ಲಾಗ್‌ನಲ್ಲಿ ಸಿಕ್ಕಿದ್ದು: 'ಇನೊಡಿಬಿ: ಅನ್‌ಸಪೋರ್ಟೆಡ್ ರೀಡೂ ಲಾಗ್ ಫಾರ್ಮ್ಯಾಟ್'. ಐಬಿ_ಲಾಗ್‌ಫೈಲ್1 ಇಲ್ಲ, 0 ಮಾತ್ರ ಇದೆ. ನಾನು ಡಿಲೀಟ್ ಮಾಡಿಲ್ಲ, ಆಣೆ.

ವರ್ಶನ್ ನೋಡೋಕೆ ಹೋದಾಗ ನೆನಪಾಯ್ತು, ಒಂದು ವಿಷಯ ಹೇಳಿರ್ಲಿಲ್ಲ. ಶನಿವಾರ ಹೊಸ ಲ್ಯಾಪ್‌ಟಾಪ್ ತಗೊಂಡೆ. ಹಳೇದರಲ್ಲಿ ಅಂಗಡಿಯದ್ದೇ ಜ್ಯಾಂಪ್ ಇತ್ತು, 10.4.32. ಹೊಸದಕ್ಕೆ ಮಾರಿಯಾಡಿಬಿ ಬೇರೆಯಾಗಿ ಹಾಕಿದೆ, 10.11. ಭಾನುವಾರ ಅದರಲ್ಲೇ ಡಿಸ್ಕ್ ಹಾಕಿ ಏಳು ಎಂಟ್ರಿ ಮಾಡಿದ್ದೆ.

ಕಲ್ಲಿನಕೋಟೆ, ಚಿತ್ರದುರ್ಗ | ಮಂಗಳವಾರ ಬೆಳಗ್ಗೆ 9:30

ಸಿಕ್ಕಿತು. ನಿಮ್ಮ ಡಿಸ್ಕೂ ಚೆನ್ನಾಗಿದೆ, ಕೇಬಲ್ಲೂ ಚೆನ್ನಾಗಿದೆ. ಪಾಪ ಪೋರ್ಟಿಗೆ ಮಾತ್ರ ಸುಮ್ಮನೆ ಸ್ನಾನ ಆಯ್ತು.

ದೊಡ್ಡಪ್ಪ ಗಿರಾಕಿ ನಿಂತಿರುವಾಗ ಮೊದಲು ಕಚ್ಚಾ ಚೀಟಿಯಲ್ಲಿ ಗೀಚಿ, ಆಮೇಲೆ ಬಿಡುವಾದಾಗ ಪಕ್ಕಾ ಖಾತೆಗೆ ಏರಿಸ್ತಾರಲ್ಲ, ಡೇಟಾಬೇಸಿನ ಒಳಗಿನ ಎಂಜಿನ್ ಇನೊಡಿಬಿ ಮಾಡೋದೂ ಅದನ್ನೇ. ಕಚ್ಚಾ ಚೀಟಿಯ ಹೆಸರು ರೀಡೂ ಲಾಗ್. ನಡುವೆ ಕರೆಂಟ್ ಹೋದ್ರೆ, ಮತ್ತೆ ಎದ್ದಾಗ ಚೀಟಿ ಓದಿ ಖಾತೆ ಸರಿಮಾಡಿಕೊಳ್ಳುತ್ತೆ. 10.4ರ ತನಕ ಈ ಚೀಟಿ ಎರಡು ಫೈಲಲ್ಲಿ ಇರ್ತಿತ್ತು. 10.5ರಿಂದ ಬರೆಯೋ ಕ್ರಮವೇ ಬೇರೆಯಾಯ್ತು, ಫೈಲೂ ಒಂದೇ ಆಯ್ತು. ನಿಮ್ಮ ಲ್ಯಾಪ್‌ಟಾಪ್ ಭಾನುವಾರ ಡಿಸ್ಕ್ ತೆಗೆದ ಕೂಡಲೇ ಹಳೇ ಚೀಟಿ ಎಸೆದು ಹೊಸ ಕ್ರಮದಲ್ಲಿ ಬರೆದುಕೊಂಡಿದೆ. ಅಂಗಡಿಯ 10.4ಕ್ಕೆ ಅದು ಓದೋಕೆ ಬರಲ್ಲ. ಓದೋಕೆ ಬಾರದ ಚೀಟಿ ಇಟ್ಟುಕೊಂಡು ಖಾತೆ ಮುಟ್ಟಲ್ಲ ಅಂತ ಹಟ ಹಿಡಿದು ಕೂತಿದೆ. ಒಳ್ಳೇ ಗುಮಾಸ್ತನ ಲಕ್ಷಣ, ಬೈಬೇಡಿ.

ಮೇಲಕ್ಕೆ ಹೋದ ಡೇಟಾ ಫೋಲ್ಡರ್ ಕೆಳಗೆ ಇಳಿಯಲ್ಲ. ಹಾಗಾಗಿ ಫೋಲ್ಡರ್ ಬಿಟ್ಟು ಒಳಗಿನ ಲೆಕ್ಕ ಮಾತ್ರ ಸಾಗಿಸಿ. ಸಂಜೆ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕಿ, ಮಾರಿಯಾಡಿಬಿ-ಡಂಪ್ ಬಳಸಿ ನಿಮ್ಮ ಭಟ್ಟಿ ಡೇಟಾಬೇಸ್ ಒಂದನ್ನೇ ಡಂಪ್ (ಲೆಕ್ಕವೆಲ್ಲಾ ಒಂದೇ ಟೆಕ್ಸ್ಟ್ ಫೈಲಿಗೆ ಇಳಿಸಿದ ಪ್ರತಿ) ತೆಗೀರಿ. 'ಸಿಂಗಲ್-ಟ್ರಾನ್ಸಾಕ್ಷನ್' ಆಯ್ಕೆ ಕೊಡಿ.

ಇಲ್ಲಿ ಒಂದು ಕಡೆ ಜಾರಿ ಬೀಳ್ತೀರ, ಮೊದಲೇ ಹೇಳ್ತೀನಿ. ಗಿರಾಕಿ ಹೆಸರೆಲ್ಲಾ ಕನ್ನಡದಲ್ಲೇ ಇರಬೇಕಲ್ವಾ? ಪವರ್‌ಶೆಲ್‌ನಲ್ಲಿ ಬಾಣದ ಗುರುತು ಹಾಕಿ ಡಂಪನ್ನು ಫೈಲಿಗೆ ತಿರುಗಿಸಬೇಡಿ. ವಿಂಡೋಸ್ ಜೊತೆ ಬರೋ ಪವರ್‌ಶೆಲ್ 5.1 ಅದನ್ನ ಯುಟಿಎಫ್-16 ಅನ್ನೋ ಬೇರೆ ಅಕ್ಷರ ಸಂಕೇತಕ್ಕೆ ಬದಲಾಯಿಸಿ ಬರೆಯುತ್ತೆ, ಹೋಗ್ತಾ ಹೋಗ್ತಾ ಕನ್ನಡವನ್ನೂ ಕೆಡಿಸುತ್ತೆ. ನಾನು ಒಂದ್ಸಲ ನಾನೂರು ಜನರ ಹೆಸರನ್ನ ಚಿತ್ರವಿಚಿತ್ರ ಅಕ್ಷರ ಮಾಡ್ಕೊಂಡು ಕೂತಿದ್ದೆ. 'ರಿಸಲ್ಟ್-ಫೈಲ್' ಅನ್ನೋ ಆಯ್ಕೆ ಇದೆ, ಅದರಲ್ಲಿ ಫೈಲ್ ಹೆಸರು ಕೊಟ್ರೆ ಪವರ್‌ಶೆಲ್ ಮೂಗು ತೂರಿಸಲ್ಲ. ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಅಂತ ಕೊಡಿ. ಡಂಪ್ ಫೈಲ್ ತೆರೆದು ಎರಡು ಹೆಸರು ಕಣ್ಣಾರೆ ಓದಿ, ಆಮೇಲೆ ಮುಂದಕ್ಕೆ ಹೋಗಿ.

ಅಂಗಡಿ ಪಿಸಿಯಲ್ಲಿ ಡೇಟಾ ದಾರಿಯನ್ನ ವಾಪಸ್ 'ಸಿ' ಡ್ರೈವಿಗೆ ತಿರುಗಿಸಿ. ಜ್ಯಾಂಪ್‌ನ ಸೆಟ್ಟಿಂಗ್ಸ್ ಫೈಲಲ್ಲಿ ಡೇಟಾಡಿರ್ ಒಂದೇ ಅಲ್ಲ, ಇನೊಡಿಬಿ ಡೇಟಾ ಹೋಮ್, ಇನೊಡಿಬಿ ಲಾಗ್ ಗ್ರೂಪ್ ಹೋಮ್ ಅಂತ ಇನ್ನೆರಡು ಸಾಲು ಇರ್ತವೆ. ಮೂರೂ ಬದಲಾಗಬೇಕು. ಆಮೇಲೆ ಖಾಲಿ ಡೇಟಾಬೇಸ್ ಮಾಡಿ ಡಂಪ್ ಹಾಕಿ. ಡಿಸ್ಕ್‌ನಲ್ಲಿರೋ ಹಳೇ ಫೋಲ್ಡರ್ ಒಂದು ತಿಂಗಳು ಮುಟ್ಟಬೇಡಿ.

ಮಂಡಕ್ಕಿಭಟ್ಟಿ, ದಾವಣಗೆರೆ | ಬುಧವಾರ ಬೆಳಗ್ಗೆ 9:15

ಡಂಪ್ ಬಂತು, ಕನ್ನಡ ಸ್ವಚ್ಛವಾಗಿದೆ. ಅಂಗಡೀಲಿ ಹಾಕೋಕೆ ಹೋದ್ರೆ ಮೊದಲನೇ ಸಾಲಿಗೇ ಮುಗ್ಗರಿಸ್ತು. 'ಅನ್‌ನೋನ್ ಕಮಾಂಡ್', ಆಮೇಲೆ ಒಂದು ಓರೆಗೆರೆ, ಒಂದು ಅಡ್ಡಗೆರೆ. ಫೈಲ್ ತೆರೆದು ನೋಡಿದ್ರೆ ಮೊದಲ ಸಾಲಲ್ಲಿ 999999 ಅಂತ ಏನೋ ಇದೆ, ಸ್ಯಾಂಡ್‌ಬಾಕ್ಸ್ ಮೋಡ್ ಅಂತೆ. ಇದು ನನ್ನ ಡೇಟಾ ಅಲ್ಲವಲ್ಲ?

ಕಲ್ಲಿನಕೋಟೆ, ಚಿತ್ರದುರ್ಗ | ಬುಧವಾರ ಬೆಳಗ್ಗೆ 9:25

ಅಲ್ಲ ಅಲ್ಲ. 2024ರ ಮೇ ತಿಂಗಳಿಂದ ಬಂದ ಮಾರಿಯಾಡಿಬಿಗಳು ಡಂಪಿನ ತಲೆಗೆ ಆ ಸಾಲು ಹಾಕ್ತವೆ. ಡಂಪ್ ಫೈಲಲ್ಲಿ ಯಾರಾದ್ರೂ ಕಿತಾಪತಿ ಕಮಾಂಡ್ ಸೇರಿಸಿದ್ರೆ ಅದು ನಡೀಬಾರದು ಅಂತ. ನಿಮ್ಮ 10.4.32ಗೆ ಅದರ ಪರಿಚಯ ಇಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು ಆ ಒಂದೇ ಸಾಲು ಅಳಿಸಿ, ಸೇವ್ ಮಾಡಿ, ಮತ್ತೆ ಹಾಕಿ. ಬಿಡುವಾದಾಗ ಅಂಗಡೀಲೂ 10.11 ಹಾಕ್ಕೊಳ್ಳಿ. 10.4ಕ್ಕೆ 2024ರ ಜೂನ್‌ನಿಂದ ದುರಸ್ತಿ ಬರೋದು ನಿಂತಿದೆ.

ಮಂಡಕ್ಕಿಭಟ್ಟಿ, ದಾವಣಗೆರೆ | ಬುಧವಾರ ಮಧ್ಯಾಹ್ನ 1:10

ಆಯ್ತು ಸರ್! ಎರಡೂ ಕಡೆ 18,412 ಬಿಲ್. ಒಟ್ಟು ಬಾಕಿ ರೂಪಾಯಿ ಪೈಸೆ ಸಮೇತ ತಾಳೆ ಆಯ್ತು. ಭಾನುವಾರದ ಏಳು ಎಂಟ್ರಿನೂ ಇವೆ. ಕೈಬರಹದ ಬಿಲ್‌ಗಳನ್ನ ಈಗ ಏರಿಸ್ತಿದೀನಿ.

ಇನ್ನೊಂದು ವಿಚಿತ್ರ. ತಿಂಗಳ ಕೊನೆಗೆ ಎಲ್ಲಾ ಬಿಲ್ಲಿನ ಬಾಕಿ ಮೊದಲಿಂದ ಲೆಕ್ಕ ಹಾಕೋ ಒಂದು ಬಟನ್ ಇಟ್ಟಿದೀನಿ. ಹಾರ್ಡ್‌ಡಿಸ್ಕ್‌ನಲ್ಲಿದ್ದಾಗ ಮೂರೂವರೆ ನಿಮಿಷ ತಗೊಳ್ತಿತ್ತು. ಚಹಾ ಕುಡಿದು ಬರ್ತಿದ್ವಿ. 'ಸಿ' ಡ್ರೈವ್ ಎಸ್‌ಎಸ್‌ಡಿ, ಈಗ ಚಹಾ ಆರ್ಡರ್ ಮಾಡೋಷ್ಟರಲ್ಲೇ ಮುಗೀತಿದೆ. ಯುಎಸ್‌ಬಿ ಅಷ್ಟು ನಿಧಾನಾನಾ?

ಕುಂದವಾಡಕೆರೆ, ದಾವಣಗೆರೆ | ಬುಧವಾರ ಮಧ್ಯಾಹ್ನ 2:00

ಕೇಬಲ್ ಬಗ್ಗೆ ನಾನು ಹೇಳಿದ್ದು ಸುಳ್ಳಾಯ್ತು, ಇದಾದ್ರೂ ಸರಿಯಾಗಿ ಹೇಳ್ತೀನಿ. ತಪ್ಪು ಯುಎಸ್‌ಬಿದಲ್ಲ. ನಿಮ್ಮಂಥ ಪೋರ್ಟಬಲ್ ಡಿಸ್ಕ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗ್ತವೆ. ಅಂದ್ರೆ ಸೆಕೆಂಡಿಗೆ 90. ನಿಮ್ಮ ಪ್ರೋಗ್ರಾಂ ಒಂದೊಂದು ಬಿಲ್ ಅಪ್‌ಡೇಟ್ ಮಾಡಿದಾಗಲೂ ಕಮಿಟ್ (ಬದಲಾವಣೆ ಖಾಯಂ ಮಾಡೋದು) ಆಗ್ತಿದೆ ಅನ್ಸುತ್ತೆ. ಪ್ರತಿ ಕಮಿಟ್‌ಗೂ ಡೇಟಾಬೇಸು 'ಚೀಟಿ ನಿಜವಾಗ್ಲೂ ತಟ್ಟೆ ಮೇಲೆ ಬಿತ್ತಾ' ಅಂತ ಕೇಳಿ, ಹೂಂ ಅನ್ನೋ ತನಕ ಕಾಯುತ್ತೆ. ತಟ್ಟೆಯ ಆ ಜಾಗ ಮುಳ್ಳಿನ ಕೆಳಗೆ ಮತ್ತೆ ಬರೋಕೆ ಒಂದು ಸುತ್ತು ಬೇಕು. ಹಾಗಾದ್ರೆ ಸೆಕೆಂಡಿಗೆ ಹೆಚ್ಚೆಂದ್ರೆ 90 ಬಿಲ್. 18,412 ಭಾಗಿಸು 90, ಹತ್ತಿರಹತ್ತಿರ 205 ಸೆಕೆಂಡ್. ನಿಮ್ಮ ಮೂರೂವರೆ ನಿಮಿಷ ಅಲ್ಲೇ ಇದೆ ನೋಡಿ.

ಲೂಪ್ ಶುರುವಾಗೋ ಮೊದಲು ಸ್ಟಾರ್ಟ್ ಟ್ರಾನ್ಸಾಕ್ಷನ್, ಮುಗಿದ ಮೇಲೆ ಒಂದೇ ಕಮಿಟ್ ಹಾಕಿ. ಆ ಹಳೇ ಡಿಸ್ಕ್‌ನಲ್ಲೂ ಕೆಲವೇ ಸೆಕೆಂಡಿನ ಕೆಲಸ. ಫ್ಲಶ್ ಲಾಗ್ ಅನ್ನೋ ಸೆಟ್ಟಿಂಗನ್ನ 1ರಿಂದ 2ಕ್ಕೆ ಬದಲಾಯಿಸಿ ಅಂತ ಯಾರಾದ್ರೂ ಹೇಳ್ತಾರೆ. ಕರೆಂಟ್ ಹೋದಾಗ ಕೊನೆಯ ಒಂದು ಸೆಕೆಂಡಿನ ಬಿಲ್ ಕಳ್ಕೊಳ್ಳೋಕೆ ತಯಾರಿದ್ರೆ ಮಾತ್ರ ಮಾಡಿ. ದುಡ್ಡಿನ ಲೆಕ್ಕಕ್ಕೆ ನಾನಂತೂ ಮಾಡಲ್ಲ.

ಮಾರಿಕಣಿವೆ, ಹಿರಿಯೂರು | ಬುಧವಾರ ಸಂಜೆ 6:45

ಇದನ್ನೆಲ್ಲಾ ಓದಿ ಎಕ್ಸ್‌ಟರ್ನಲ್ ಡಿಸ್ಕ್ ಅಂದ್ರೇ ಪಾಪ ಅಂದ್ಕೋಬೇಡಿ. ನಾನು ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಇಟ್ಟಿರೋದು ಯುಎಸ್‌ಬಿ ಎಸ್‌ಎಸ್‌ಡಿಯಲ್ಲೇ, ಲಿನಕ್ಸ್ ಮೇಲೆ, ಆರಾಮಾಗಿದೆ. ಆದ್ರೆ ಅದು ಒಂದೇ ಮಷೀನಿಗೆ ಮದುವೆಯಾಗಿದೆ, ಊರೂರು ತಿರುಗಲ್ಲ. ಡಿಸ್ಕ್ ಫಾರ್ಮ್ಯಾಟ್ ಲಿನಕ್ಸ್‌ನ ಇಎಕ್ಸ್‌ಟಿ4. ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಪೋಸ್ಟ್‌ಗ್ರೆಸ್ ಸುಮ್ಮನೆ ಹತ್ತಲ್ಲ: ಡೇಟಾ ಫೋಲ್ಡರ್ ಬೇರೆಯವರು ಮುಟ್ಟದಂಗೆ 0700 ಇಲ್ಲಾ 0750 ಪರ್ಮಿಶನ್ ಬೇಕು ಅನ್ನುತ್ತೆ, ಎಕ್ಸ್‌ಫ್ಯಾಟ್‌ಗೆ ಪರ್ಮಿಶನ್ ಅನ್ನೋ ಕಲ್ಪನೆನೇ ಇಲ್ಲ. ಅದಕ್ಕೆ ಜರ್ನಲ್ (ಕರೆಂಟ್ ಹೋದ್ರೆ ಸರಿಮಾಡಿಕೊಳ್ಳೋಕೆ ಇಡೋ ದಾಖಲೆ) ಕೂಡ ಇಲ್ಲ, ವಿಂಡೋಸ್‌ನವರೂ ಡೇಟಾಬೇಸ್‌ಗೆ ಎನ್‌ಟಿಎಫ್‌ಎಸ್ಸೇ ಇಟ್ಕೊಳ್ಳಿ. ಮೂರೂವರೆ ಇಂಚಿನ ಡಿಸ್ಕ್ ಆದ್ರೆ ಅದರ ಅಡಾಪ್ಟರನ್ನೂ ಯುಪಿಎಸ್‌ಗೇ ಚುಚ್ಚಿ. ಪಿಸಿ ಯುಪಿಎಸ್‌ನಲ್ಲಿ, ಡಿಸ್ಕ್ ಗೋಡೆ ಪ್ಲಗ್‌ನಲ್ಲಿ ಇಟ್ಟು ಕರೆಂಟ್ ಹೋದಾಗ ತಲೆ ಕೆರ್ಕೊಂಡವರನ್ನ ನೋಡಿದೀನಿ.

ಮಂಡಕ್ಕಿಭಟ್ಟಿ, ದಾವಣಗೆರೆ | ಗುರುವಾರ ರಾತ್ರಿ 9:20

ಕೊನೆಗೆ ಹೀಗೆ ಮಾಡಿದೆ. ಡೇಟಾಬೇಸ್ ಅಂಗಡಿ ಪಿಸಿಯ ಎಸ್‌ಎಸ್‌ಡಿಯಲ್ಲೇ ಇರುತ್ತೆ, ಎಂಟ್ರಿ ಅಲ್ಲೊಂದೇ ಕಡೆ. ಸಂಜೆ ಬೀಗ ಹಾಕೋ ಮುಂಚೆ ಒಂದು ಬ್ಯಾಚ್ ಫೈಲ್ ಒತ್ತಿದ್ರೆ ತಾರೀಖಿನ ಹೆಸರಲ್ಲಿ ಡಂಪ್ ಆಗಿ ಹಾರ್ಡ್‌ಡಿಸ್ಕ್‌ಗೆ ಬೀಳುತ್ತೆ. ಮನೇಲಿ ಅದನ್ನ 10.11ಗೆ ಹಾಕಿ ನೋಡ್ತೀನಷ್ಟೇ. ತಪ್ಪು ಕಂಡ್ರೆ ಚೀಟೀಲಿ ಬರ್ಕೊಂಡು ಬೆಳಗ್ಗೆ ಅಂಗಡೀಲಿ ತಿದ್ದೋದು. ಡಂಪ್ 9 ಎಂಬಿ ಇದೆ. ಇದಕ್ಕೋಸ್ಕರ ಏಳು ತಿಂಗಳು 1 ಟಿಬಿ ಹೊತ್ಕೊಂಡು ತಿರುಗಿದೀನಿ. ಕಲ್ಲಿನಕೋಟೆ ಸರ್, ದಾವಣಗೆರೆ ಕಡೆ ಬಂದ್ರೆ ಮಂಡಕ್ಕಿ ಮೆಣಸಿನಕಾಯಿ ನಮ್ಮ ಕಡೆಯಿಂದ.

ಅಡಕೆಸುಲಿ, ಚನ್ನಗಿರಿ | ಗುರುವಾರ ರಾತ್ರಿ 10:02

ನನ್ನ ಆ 'ಎರಡು ಸಲ' ಸರಿಹೋಗಿದ್ದು ಟೆಸ್ಟ್ ಡೇಟಾ ಇದ್ದ ಮಷೀನು ಅಂತ ಈಗ ನೆನಪಾಯ್ತು. ಅದರಲ್ಲಿ ಟೇಬಲ್ಲುಗಳು ಉಳಿದಿದ್ವಾ ಅಂತ ನಾನು ನೋಡೇ ಇಲ್ಲ. ಮಂಡಕ್ಕಿಗೆ ನಾನೂ ಬರಬಹುದಾ?