ಸಹಾಯ ಬೇಕು: ಬ್ಯಾಗಿನ ಭಾರವೆಲ್ಲ ಹೆಗಲಿಗೇ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿದ್ದೇನೆ. 50 ಲೀಟರ್ ಬ್ಯಾಗು, ತುಂಬಿದರೆ ಸುಮಾರು 10 ಕೆಜಿ. ಅಭ್ಯಾಸಕ್ಕೆ ಅಂತ ಹೊತ್ತುಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇನೆ.

ಮೊದಲು ಸೊಂಟದ ಮೂಳೆ ಮೇಲೆ ಬೆಲ್ಟು ಕೂರಿಸಿ ಬಿಗಿ ಮಾಡುತ್ತೇನೆ, ಆಮೇಲೆ ಹೆಗಲಿನ ಪಟ್ಟಿ, ಕೊನೆಗೆ ಎದೆಯದು. ಆದರೂ ನಂದಿ ಹತ್ತಿರ ಬರುವಷ್ಟರಲ್ಲಿ ಬೆಲ್ಟು ಹೊಟ್ಟೆಗೆ ಏರಿರುತ್ತದೆ. ಕತ್ತಿನ ಪಕ್ಕ ಕೆಂಪು ಗೆರೆ ಬೇರೆ. ಹೆಗಲ ಮೇಲಿಂದ ಬ್ಯಾಗಿನ ಮೇಲ್ತುದಿಗೆ ಹೋಗುವ ಸಣ್ಣ ಪಟ್ಟಿ ಎಷ್ಟು ಎಳೆದರೂ 45 ಡಿಗ್ರಿ ಓರೆ ಬರುವುದಿಲ್ಲ, ಅಡ್ಡಕ್ಕೇ ಮಲಗುತ್ತದೆ.

ಕತ್ತಿನ ಬುಡದ ಉಬ್ಬು ಮೂಳೆಯಿಂದ ಸೊಂಟದ ಮೂಳೆ ಮಟ್ಟಕ್ಕೆ ಟೇಪ್ ಹಿಡಿದರೆ 48 ಸೆಂ.ಮೀ. ಬ್ಯಾಗಿನ ಬೆನ್ನಳತೆ ಮೀಡಿಯಂಗೆ ಸೆಟ್ ಆಗಿದೆ. ಲಾರ್ಜ್‌ಗೆ ಏರಿಸಲಾ? ಅಥವಾ ಭಾರದ ಸಾಮಾನನ್ನು ಬೆನ್ನಿಗೆ ಹತ್ತಿರ ತುಂಬಿದರೆ ಸಾಕಾ? ಅಂಗಡಿಯವರು "ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್" ಅಂತಾರೆ. ಅದೇನು ಹೊಸ ಚಪ್ಪಲಿನಾ? ಗೊತ್ತಿರುವವರು ದಯವಿಟ್ಟು ತಿಳಿಸಿ.