ತಾರಸಿಯ ಡಾಂಬರ್ ಶೀಟ್: ತೇಪೆ ಸಾಕೇ, ಪೂರ್ತಿ ಕಿತ್ತು ಹೊಸದು ಹಾಕಿಸಬೇಕೇ?

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ):
ನಮ್ಮ ಆರ್‌ಸಿಸಿ ತಾರಸಿಗೆ ಹಲವು ವರ್ಷಗಳ ಹಿಂದೆ ಹಾಕಿಸಿದ ಡಾಂಬರ್ ಶೀಟ್ ಈಗ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಅದರ ಅಂಚು ಬಿಟ್ಟುಕೊಂಡು, ಬೆರಳು ಹೋಗುವಷ್ಟು ಸಂದು ಬಿದ್ದಿದೆ. ಕಳೆದ ಮಳೆಗಾಲದಲ್ಲಿ ಅದರ ಕೆಳಗಿನ ಕೋಣೆಯ ಛತ್ತಿನಲ್ಲಿ ತೇವದ ಕಲೆ ಮೂಡಿತ್ತು. ಒಬ್ಬ ಗುತ್ತಿಗೆದಾರರು ಹಳೆಯದರ ಮೇಲೆಯೇ ಇನ್ನೊಂದು ಶೀಟ್ ಅಂಟಿಸಿದರೆ ಸಾಕೆನ್ನುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಕೀಳಬೇಕೆನ್ನುತ್ತಾರೆ. ಮಿರಗದ ಮಳೆಗೆ ಮೊದಲು ಕೆಲಸ ಮುಗಿಯಬೇಕು. ಯಾರ ಮಾತು ಸರಿ?

ಉತ್ತರ (ಧಾರವಾಡ, ಸಿವಿಲ್ ಎಂಜಿನಿಯರ್):
ಸರ್, ಶೀಟಿನ ಕೆಳಗೆ ನೀರು ಎಷ್ಟು ದೂರ ಹರಡಿದೆ ಎಂಬುದರ ಮೇಲೆ ಇದು ನಿಂತಿದೆ. ಸಂದು ಬಿದ್ದ ಕಡೆಯಿಂದ ಎರಡು-ಮೂರು ಅಡಿ ಒಳಗೆ ಒಂದು ಸಣ್ಣ ತುಂಡು ಕತ್ತರಿಸಿ ನೋಡಿ. ಅಲ್ಲಿನ ಕಾಂಕ್ರೀಟ್ ಒಣಗಿದ್ದು, ಶೀಟ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ತೇಪೆ ಸಾಕು. ಒಳಗಡೆಯೂ ಒದ್ದೆಯಿದ್ದರೆ ಮೇಲೆ ಇನ್ನೊಂದು ಪದರ ಹಾಕುವುದೆಂದರೆ ಆ ನೀರನ್ನು ಒಳಗೇ ಮುಚ್ಚಿಟ್ಟಂತೆ; ಬಿಸಿಲಿಗೆ ಅದು ಆವಿಯಾಗಿ ಹಿಗ್ಗಿ ಹೊಸ ಶೀಟನ್ನೂ ಎತ್ತುತ್ತದೆ, ಉಳಿದ ನೀರು ಸ್ಲ್ಯಾಬಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಬಿಡಿ ಗುಳ್ಳೆಯಾದರೆ ಅದನ್ನು ಅಡ್ಡ-ಉದ್ದ ಸೀಳಿ, ನಾಲ್ಕು ಮೂಲೆಗಳನ್ನು ಹಿಂದಕ್ಕೆ ಮಡಚಿ, ತಳ ಪೂರ್ತಿ ಒಣಗಿದ ಮೇಲೆ ಪ್ರೈಮರ್ ಬಳಿದು, ಗ್ಯಾಸ್ ಟಾರ್ಚಿನ ಬೆಂಕಿಯಿಂದ ಕಾಯಿಸಿ ಒತ್ತಿ, ಸೀಳಿನ ಸುತ್ತ ಕನಿಷ್ಠ 10 ಸೆಂಟಿಮೀಟರ್ ಹೊರಗೆ ಬರುವಂಥ ತೇಪೆ ಹಾಕಿಸಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಬೇಗ ಏಳುತ್ತದೆ.

ನಿಮ್ಮ ಮನೆಯಲ್ಲಿ ನನಗೆ ಹೆಚ್ಚು ಚಿಂತೆ ಗೋಡೆಯ ಬುಡದ್ದು. ಗೋಡೆ ಮತ್ತು ಸ್ಲ್ಯಾಬ್ ಕೂಡುವಲ್ಲಿ ಸಿಮೆಂಟಿನ ಗೋಲಾ (ಮೂಲೆಯನ್ನು ದುಂಡಗಾಗಿಸುವ ಗಾರೆ) ಕಟ್ಟದೆ ಶೀಟನ್ನು ನೇರ ಮೂಲೆಗೆ ಮಡಚಿದ್ದರೆ ಅದು ಅಲ್ಲಿಯೇ ಬಿರಿಯುತ್ತದೆ. ಮೊದಲು ಗೋಲಾ ಕಟ್ಟಿಸಿ, ಶೀಟನ್ನು ಗೋಡೆಯ ಮೇಲೆ ಕನಿಷ್ಠ 15 ಸೆಂಟಿಮೀಟರ್ ಏರಿಸಿ, ಅದರ ತುದಿಯನ್ನು ಗೋಡೆಯಲ್ಲಿ ಕೊರೆದ ಕಚ್ಚಿನೊಳಗೆ ಸೇರಿಸಿ ಗಾರೆಯಿಂದ ಮುಚ್ಚಿಸಿ.

ಉತ್ತರ (ಗದಗ):
ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ನೀರು ಹೋಗುವ ಪೈಪಿನ ಬಾಯಿಯನ್ನೂ ನೋಡಿಸಿ. ಶೀಟ್ ಅದರೊಳಕ್ಕೆ ಇಳಿಯದೆ ಅಂಚಿನಲ್ಲೇ ನಿಂತಿದ್ದರೆ ನೀರು ಕೆಳಗೆ ನುಸುಳುತ್ತದೆ. ತಾರಸಿಯಲ್ಲಿ ನೀರು ನಿಲ್ಲುವ ತಗ್ಗುಗಳಿದ್ದರೆ ಯಾವ ಶೀಟೂ ಹೆಚ್ಚು ಕಾಲ ಬಾಳದು, ಆದ್ದರಿಂದ ಪೈಪಿನ ಕಡೆಗೆ 100ಕ್ಕೆ 1ರಷ್ಟಾದರೂ ಇಳಿಜಾರು ಬೇಕು. ನಮ್ಮ ಕಡೆ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಗಳಲ್ಲಿ ಹಿರಿಯರು ಮಳೆಗೆ ಮುನ್ನ ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಿ ಬಡಿಯುತ್ತಿದ್ದರು. ಆರ್‌ಸಿಸಿ ಬಂದ ಮೇಲೆ ಮಾಳಿಗೆಯನ್ನು ಹತ್ತಿ ನೋಡುವ ರೂಢಿಯೇ ತಪ್ಪಿದೆ, ಇದು ನನಗೆ ಬೇಸರದ ವಿಷಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕತ್ತರಿಸಿ ನೋಡಿದೆವು: ಗೋಡೆಯಿಂದ ಮೂರು ಅಡಿ ಒಳಗೂ ಕಾಂಕ್ರೀಟ್ ಕಪ್ಪಗೆ ಒದ್ದೆಯಾಗಿದೆ, ಶೀಟ್ ಕೈಯಿಂದಲೇ ಸುಲಿದು ಬರುತ್ತದೆ. ಪೂರ್ತಿ ಕೀಳಿಸುವುದೆಂದು ತೀರ್ಮಾನಿಸಿದ್ದೇವೆ. ಕಿತ್ತ ಮೇಲೆ ಎಷ್ಟು ದಿನ ಬಿಡಬೇಕು?

ಉತ್ತರ (ಧಾರವಾಡ):
ದಿನಗಳ ಲೆಕ್ಕಕ್ಕಿಂತ ಪರೀಕ್ಷೆ ನಂಬಿ. ಒಂದು ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದರ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಹೊಸ ಶೀಟಿನ ಜೋಡಣೆಗಳಲ್ಲಿ ಪಕ್ಕಕ್ಕೆ 10, ತುದಿಗೆ 15 ಸೆಂಟಿಮೀಟರ್ ಒಂದರ ಮೇಲೊಂದು ಬರಲಿ. ಕೆಲಸ ಮುಗಿದ ಮೇಲೆ ಪೈಪುಗಳ ಬಾಯಿ ಕಟ್ಟಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಛತ್ತನ್ನು ನೋಡಿಕೊಂಡ ನಂತರವೇ ಗುತ್ತಿಗೆದಾರರ ಕೊನೆಯ ಕಂತು ಕೊಡಿ.